ಹೇಗೆ ಮಾಡಿದೆ, ಹೇಳು

(ಒಬ್ಬೊಬ್ಬರಿಗೆ ಹೇಳಿಕೊಡುವುದು, ಗುಂಪಿನಲ್ಲಿ ಕಲಿಸುವುದು: ದತ್ತಿ ಉಪನ್ಯಾಸದ ಬರಹರೂಪ)



ಒಂದು ಕಳೆಯುವ ಲೆಕ್ಕದಿಂದ ಮಾತು ಶುರು ಮಾಡುತ್ತೇನೆ. 503ರಲ್ಲಿ 267 ಕಳೆಯಬೇಕು. ಜೂನ್ ತಿಂಗಳ ಸೇತುಬಂಧ ಪರೀಕ್ಷೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಇದಕ್ಕೆ 364 ಎಂದು ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ 236 ಎಂದು ಬರೆದು, ಮುಂದಿನ ಪತ್ರಿಕೆಗೆ ಕೈ ಹಾಕುವುದು ನನ್ನ ರೂಢಿ. ಹನ್ನೆರಡು ವರ್ಷ ಹಾಗೆಯೇ ಮಾಡಿಕೊಂಡು ಬಂದಿದ್ದೆ. ಅವತ್ತು ಅವಳ ಆರೂ ಕಳೆಯುವ ಲೆಕ್ಕಗಳ ಮೇಲೆ ಒಟ್ಟಿಗೆ ಕಣ್ಣು ಹಾಯಿತು. ಎರಡು ಸರಿ, ನಾಲ್ಕು ತಪ್ಪು. ಸರಿಯಾದ ಎರಡರಲ್ಲೂ ಕೆಳಗಿನ ಅಂಕಿಗಳೆಲ್ಲ ಮೇಲಿನವಕ್ಕಿಂತ ಚಿಕ್ಕವು. ತಪ್ಪಾದ ನಾಲ್ಕರಲ್ಲಿ ಹಾಗಿರಲಿಲ್ಲ. ಇದು ಅಜಾಗರೂಕತೆಯ ತಪ್ಪಲ್ಲ, ಇದಕ್ಕೊಂದು ನಿಯಮವಿದೆ ಅನ್ನಿಸಿತು.

ಊಟದ ಬಿಡುವಿನಲ್ಲಿ ಅವಳನ್ನು ವರಾಂಡಕ್ಕೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, 'ಇದನ್ನು ಹೇಗೆ ಮಾಡಿದೆ, ಹೇಳು' ಅಂದೆ. ಅವಳು ತಕ್ಷಣ ರಬ್ಬರಿಗೆ ಕೈ ಹಾಕಿದಳು. ಮೇಷ್ಟ್ರು ಹೇಗೆ ಮಾಡಿದೆ ಎಂದು ಕೇಳಿದರು ಅಂದರೆ ಅದು ತಪ್ಪು ಎಂದೇ ಮಕ್ಕಳ ಲೆಕ್ಕ. ಅದನ್ನು ಅವರಿಗೆ ಕಲಿಸಿದವರು ನಾವೇ. ಹಾಗಾಗಿ ಮೊದಲು ಅವಳು ಸರಿ ಮಾಡಿದ್ದ ಲೆಕ್ಕವೊಂದನ್ನು ತೋರಿಸಿ ಅದನ್ನೇ ಕೇಳಿದೆ. ಹೇಳಿದಳು. ಧೈರ್ಯ ಬಂತು. ಆಮೇಲೆ ಇದಕ್ಕೆ ಬಂದೆವು. 'ಮೂರರಲ್ಲಿ ಏಳು ಹೋಗಲ್ಲ ಸಾರ್. ಏಳರಲ್ಲಿ ಮೂರು ಹೋಗುತ್ತೆ, ನಾಲ್ಕು. ಸೊನ್ನೇಲಿ ಆರು ಹೋಗಲ್ಲ, ಆರರಲ್ಲಿ ಸೊನ್ನೆ ಹೋದ್ರೆ ಆರು. ಐದರಲ್ಲಿ ಎರಡು ಹೋದ್ರೆ ಮೂರು.' ಮುನ್ನೂರ ಅರವತ್ತನಾಲ್ಕು. ಒಂದು ಕಡೆಯೂ ತಡವರಿಸಲಿಲ್ಲ.

ಅವಳ ತಾಯಿ ವಾರದ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದರು. ರಜೆಯಲ್ಲಿ ಇವಳೂ ಪಕ್ಕದಲ್ಲಿ ಕೂರುತ್ತಿದ್ದುದನ್ನು ನಾನು ನೋಡಿದ್ದೆ. ಪತ್ರಿಕೆ ಮಡಿಸಿಟ್ಟು ಕೇಳಿದೆ: 'ಸಂತೆ ಮುಗಿದ ಮೇಲೆ ನಿಮ್ಮಮ್ಮನ ಹತ್ರ 503 ರೂಪಾಯಿ ಇದೆ. ಸೊಪ್ಪು ಹಾಕಿದವನಿಗೆ 267 ಕೊಡಬೇಕು. ಎಷ್ಟು ಉಳೀತು?' ಅವಳು ನನ್ನ ಮುಖ ನೋಡಲಿಲ್ಲ, ಅಂಗಳದ ಕಡೆ ನೋಡಿದಳು. '267ಕ್ಕೆ ಮೂರು ಹಾಕಿದ್ರೆ 270. ಮೂವತ್ತು ಹಾಕಿದ್ರೆ 300. ಆಮೇಲೆ ಇನ್ನೂರು, ಮೇಲೊಂದು ಮೂರು. ಇನ್ನೂರ ಮೂವತ್ತಾರು ಸಾರ್.'

ಪತ್ರಿಕೆ ಬಿಡಿಸಿ ಎರಡು ಉತ್ತರಗಳನ್ನೂ ಅಕ್ಕಪಕ್ಕ ಬರೆದೆ. ಯಾವುದು ಸರಿ? ತುಂಬ ಹೊತ್ತು ನೋಡಿದಳು. ಕೊನೆಗೆ ಬೆರಳಿಟ್ಟು ತೋರಿಸಿ ಹೇಳಿದಳು: 'ಇದು ಲೆಕ್ಕದ ಉತ್ತರ. ಇದು ಸಂತೆ ಉತ್ತರ.'

ಅವತ್ತಿನ ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಏಳು ವರ್ಷ ಶಾಲೆಗೆ ಬಂದ ಮಗು, ಶಾಲೆಯ ಗಣಿತಕ್ಕೂ ಲೋಕದ ಗಣಿತಕ್ಕೂ ಸಂಬಂಧವಿಲ್ಲ ಎಂದು ಗಟ್ಟಿಯಾಗಿ ಕಲಿತಿತ್ತು. ಇದು ಒಬ್ಬಳ ಕಥೆಯಲ್ಲ ಎಂದು ಆಮೇಲೆ ಓದಿ ತಿಳಿದೆ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಕ್ಯಾರಹರ್ ಮತ್ತು ಸಂಗಡಿಗರು ಹತ್ತಿರದಿಂದ ನೋಡಿ 1985ರಲ್ಲಿ ಬರೆದರು. ಬೀದಿಯಲ್ಲಿ ನೂರಕ್ಕೆ 98 ಲೆಕ್ಕ ಸರಿ ಮಾಡಿದ ಅದೇ ಮಕ್ಕಳು, ಅದೇ ಲೆಕ್ಕಗಳನ್ನು ಕಾಗದದ ಮೇಲೆ ಬರೆದುಕೊಟ್ಟಾಗ ನೂರಕ್ಕೆ 37ರಷ್ಟು ಮಾತ್ರ ಸರಿ ಮಾಡಿದರು. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ದೊಡ್ಡ ಅಧ್ಯಯನವೊಂದು ಬಂತು. ಅಲ್ಲೂ ಇದೇ ಕಥೆ. ಜೊತೆಗೆ ತಿರುಗುಮುರುಗಾದದ್ದೂ ಇತ್ತು: ಶಾಲೆಯಲ್ಲಿ ಚೆನ್ನಾಗಿ ಲೆಕ್ಕ ಮಾಡುವ ಮಕ್ಕಳು ಅಂಗಡಿಯ ಲೆಕ್ಕದಲ್ಲಿ ತಡವರಿಸಿದರು.

ಇವತ್ತಿನ ನನ್ನ ವಿಷಯ ಮಕ್ಕಳಿಗೆ ಒಬ್ಬೊಬ್ಬರಾಗಿ ಮತ್ತು ಗುಂಪಾಗಿ ಹೇಳಿಕೊಡುವ ಬಗೆ. ನಾವು ಮನೆಪಾಠ ಎಂದೆವು, ಪರಿಹಾರ ಬೋಧನೆ ಎಂದೆವು, ವಿಶೇಷ ತರಗತಿ ಎಂದೆವು, ಈಗ ಎಲ್ಲರೂ ಟ್ಯೂಷನ್ ಎನ್ನುತ್ತಾರೆ. ಇವೆಲ್ಲದರ ಬಗ್ಗೆ ನಾನು ಹೇಳಬೇಕಾದ ಮಾತು ಒಂದೇ: ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಅದಕ್ಕೆ ಇನ್ನೊಂದು ಸಲ ವಿವರಿಸುವುದಕ್ಕಲ್ಲ, ಅದರ ಬಾಯಿಂದ ಕೇಳುವುದಕ್ಕೆ. ಗುಂಪು ಮಾಡುವುದು ಮೇಷ್ಟರ ಸಮಯ ಉಳಿಸುವುದಕ್ಕಲ್ಲ, ಮಕ್ಕಳಿಗೆ ಮಾತು ಕೊಡುವುದಕ್ಕೆ. ಈ ಎರಡನ್ನೂ ನಾನು ತಡವಾಗಿ ಕಲಿತೆ.

ತಡವಾಗಿ ಎಂದೆ. ಅದನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತನೇ ತರಗತಿಗೆ ಬೆಳಗ್ಗೆ ಏಳು ಗಂಟೆಗೆ ವಿಶೇಷ ತರಗತಿ ತೆಗೆದುಕೊಳ್ಳುತ್ತಿದ್ದೆ. ಅರ್ಧವಾರ್ಷಿಕದಲ್ಲಿ ಫೇಲಾದ ನಲವತ್ತು ಮಕ್ಕಳು. ಕೆಲವರು ಏನೂ ತಿನ್ನದೆ ನಾಲ್ಕು ಮೈಲಿ ನಡೆದು ಬರುತ್ತಿದ್ದರು. ನಾನು ಹಗಲಿನಲ್ಲಿ ಮಾಡಿದ ಪಾಠವನ್ನೇ ಬೆಳಗ್ಗೆ ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಗಟ್ಟಿಯಾಗಿ ಮಾಡುತ್ತಿದ್ದೆ. ಮೂರು ತಿಂಗಳು ಹಾಗೆ ಗಂಟಲು ಹರಿದುಕೊಂಡೆ. ಫಲಿತಾಂಶ ಬಂದಾಗ ಅವರಲ್ಲಿ ಬಹುಪಾಲು ಮಕ್ಕಳು ಎಲ್ಲಿದ್ದರೋ ಅಲ್ಲೇ ಇದ್ದರು. ಕೇಳಿಸದವರಿಗೆ ಗಟ್ಟಿಯಾಗಿ ಹೇಳಬೇಕು, ಸರಿ. ನನ್ನ ಮಕ್ಕಳಿಗೆ ಕಿವಿ ಕೇಳಿಸುತ್ತಿತ್ತು. ಅವರು ಮೂರನೇ ತರಗತಿಯ ಲೆಕ್ಕದಲ್ಲಿ, ನಾಲ್ಕನೇ ತರಗತಿಯ ಭಿನ್ನರಾಶಿಯಲ್ಲಿ ಎಲ್ಲೋ ನಿಂತುಬಿಟ್ಟಿದ್ದರು. ಎಲ್ಲಿ ನಿಂತಿದ್ದಾರೆ ಎಂದು ನಾನು ಒಬ್ಬರನ್ನೂ ಕೇಳಿರಲಿಲ್ಲ. ಆ ಮಕ್ಕಳ ನಿದ್ದೆ, ಆ ನಡಿಗೆ ನನ್ನ ಲೆಕ್ಕದಲ್ಲಿ ಇವತ್ತಿಗೂ ಬಾಕಿ.

ಒಬ್ಬರಿಗೊಬ್ಬರು ಕೂತು ಕಲಿಸುವುದಕ್ಕೆ ಎಷ್ಟು ಶಕ್ತಿ ಇದೆ ಎಂಬ ಪ್ರಶ್ನೆಗೆ ಹೆಸರಾದ ಉತ್ತರ ಕೊಟ್ಟವರು ಷಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್. 1984ರಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ಸುಮಾರು ಮೂರು ವಾರ ಒಬ್ಬ ಬೋಧಕರ ಜೊತೆ ಕೂತು ಕಲಿತ ಸಾಮಾನ್ಯ ವಿದ್ಯಾರ್ಥಿ, ಮಾಮೂಲಿ ತರಗತಿಯ ನೂರಕ್ಕೆ 98 ವಿದ್ಯಾರ್ಥಿಗಳಿಗಿಂತ ಮುಂದೆ ಹೋಗಿದ್ದ. ಗಣಿತದವರ ಭಾಷೆಯಲ್ಲಿ ಎರಡು ಮಾನಕ ವಿಚಲನೆಯಷ್ಟು ಜಿಗಿತ. ಪ್ರತಿ ಮಗುವಿಗೂ ಒಬ್ಬೊಬ್ಬ ಬೋಧಕರನ್ನು ಒದಗಿಸುವುದು ಯಾವ ಸಮಾಜದ ಕೈಯಲ್ಲೂ ಆಗದ ಮಾತು. ಅದಕ್ಕೆ ಸಮನಾದ ಫಲವನ್ನು ಗುಂಪಿನ ಪಾಠದಲ್ಲಿ ಹೇಗೆ ತರುವುದು ಎಂಬುದೇ ಬ್ಲೂಮ್ ಮುಂದಿಟ್ಟ ಸಮಸ್ಯೆ. ಆ ಜಿಗಿತ ಅಷ್ಟು ದೊಡ್ಡದಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಕರ್ಟ್ ವ್ಯಾನ್‌ಲೇನ್ 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಅದು ಸುಮಾರು 0.79ಕ್ಕೆ ಇಳಿಯಿತು. 96 ಪ್ರಯೋಗಗಳನ್ನು ಸೇರಿಸಿ ನೋಡಿದ 2020ರ ಇನ್ನೊಂದು ಸಮೀಕ್ಷೆಯಲ್ಲಿ 0.37. ಬ್ಲೂಮ್ ಅವರ ಅಂಕಿಯನ್ನೇ ಹಿಡಿದುಕೊಂಡು ಜಾಹೀರಾತು ಕೊಡುವವರನ್ನು ನಂಬಬೇಡಿ. ಆದರೆ 0.37 ಕೂಡ ಶಾಲೆಯ ಲೋಕದಲ್ಲಿ ಸಣ್ಣ ಸಂಗತಿಯಲ್ಲ.

ನನಗೆ ಹೆಚ್ಚು ಮುಖ್ಯವಾದ ಪ್ರಶ್ನೆ ಬೇರೆ. ಪಕ್ಕದಲ್ಲಿ ಕೂತಾಗ ಆಗುವುದಾದರೂ ಏನು? ಬೋಧಕ ಚೆನ್ನಾಗಿ ವಿವರಿಸುತ್ತಾನೆ, ಅದಕ್ಕೇ ಮಗು ಕಲಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಮಿಷೆಲೀನ್ ಚಿ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 2001ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಅದರಲ್ಲಿ ಬೋಧಕರಿಗೆ ವಿವರಿಸಬಾರದು ಎಂದು ಕಟ್ಟುಪಾಡು ಹಾಕಿದರು. 'ಹಾಗೆಂದರೇನು', 'ಆಮೇಲೆ', 'ಯಾಕೆ' ಎಂಬಂಥ ಪ್ರಶ್ನೆಗಳಷ್ಟಕ್ಕೇ ಅವಕಾಶ. ವಿವರಣೆ ಕೇಳಿದ ವಿದ್ಯಾರ್ಥಿಗಳು ಎಷ್ಟು ಕಲಿತರೋ ಇವರೂ ಅಷ್ಟೇ ಕಲಿತರು. ನಮ್ಮ ವಿವರಣೆಯನ್ನು ತೆಗೆದುಹಾಕಿದರೂ ಮಗುವಿಗೆ ನಷ್ಟವಾಗಲಿಲ್ಲ! ಮೊದಲ ಸಲ ಓದಿದಾಗ ನನಗೆ ಸ್ವಲ್ಪ ನೋವಾಯಿತು. ಆಮೇಲೆ ದೊಡ್ಡ ಬಿಡುಗಡೆಯೂ ಅನ್ನಿಸಿತು.

ಹಾಗೆಂದು ಸುಮ್ಮನೆ ಕೂರುವುದೂ ಅಲ್ಲ. ಎಷ್ಟು ಹೇಳಬೇಕು, ಯಾವಾಗ ಕೈ ತೆಗೆಯಬೇಕು ಎಂಬುದೇ ಈ ಕಸುಬಿನ ಹದ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮೂರು, ನಾಲ್ಕು, ಐದು ವರ್ಷ ವಯಸ್ಸಿನ 30 ಮಕ್ಕಳಿಗೆ 21 ಮರದ ತುಂಡುಗಳನ್ನು ಕೊಟ್ಟು ಪಿರಮಿಡ್ ಕಟ್ಟಲು ಹೇಳಿದರು. ಮೂರು ವರ್ಷದವರಿಗೆ ತಾವೇ ಜೋಡಿಸಿ ತೋರಿಸಿ ಆಸೆ ಹುಟ್ಟಿಸಬೇಕಾಗಿತ್ತು. ನಾಲ್ಕರವರಿಗೆ ಬಾಯಿಮಾತಿನ ಸೂಚನೆ ಸಾಕಾಗಿತ್ತು. ಐದರವರಿಗೆ ಬೇಕಿದ್ದುದು 'ಇದು ಸರಿಯಾ' ಎಂದು ನೋಡಿದಾಗ ಒಂದು ಹೂಂಗುಟ್ಟುವಿಕೆ. ಮಗು ಎಡವಿದರೆ ಒಂದು ಹೆಜ್ಜೆ ಹತ್ತಿರ ಬನ್ನಿ, ಗೆದ್ದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಸೈಕಲ್ ಕಲಿಸಿದ ಪ್ರತಿಯೊಬ್ಬರಿಗೂ ಇದು ಗೊತ್ತು. ಸೀಟು ಹಿಡಿದು ಓಡುತ್ತೇವೆ, ಬಿಟ್ಟದ್ದು ಮಗುವಿಗೆ ತಿಳಿಯಬಾರದು. ತರಗತಿಯಲ್ಲಿ ಮಾತ್ರ ನಾವು ಸೀಟು ಬಿಡುವುದೇ ಇಲ್ಲ, ಇಲ್ಲವೇ ಹಿಡಿಯುವುದೇ ಇಲ್ಲ.

ಇನ್ನೊಂದು ಕಷ್ಟದ ಸಂಗತಿ ಕಾಯುವುದು. ಮೇರಿ ಬಡ್ ರೋ ಎಂಬವರು ತರಗತಿಗಳ ಧ್ವನಿಮುದ್ರಿಕೆಗಳನ್ನು ಕೇಳಿ 1970ರ ದಶಕದಲ್ಲಿ ಕಂಡುಕೊಂಡದ್ದು ಇದು: ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಕಾಯುತ್ತಾರೆ, ಆಮೇಲೆ ತಾವೇ ಉತ್ತರಿಸುತ್ತಾರೆ ಅಥವಾ ಇನ್ನೊಬ್ಬರನ್ನು ಎಬ್ಬಿಸುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು ಎಂದರೆ ಏನು ಮಹಾ ಅನ್ನಿಸುತ್ತದೆ. ನಾಳೆ ಕಾದು ನೋಡಿ. ಮಗುವಿನ ಮುಖ ನೋಡುತ್ತ ಮೌನವಾಗಿ ಮೂರು ಸೆಕೆಂಡು ಕೂರುವುದು ನನ್ನ ಮಟ್ಟಿಗೆ ತ್ರಿಕೋನಮಿತಿ ಪಾಠಕ್ಕಿಂತ ಕಷ್ಟವಾಗಿತ್ತು. ಸಂತೆಯ ಹುಡುಗಿ ಅಂಗಳದ ಕಡೆ ನೋಡುತ್ತಿದ್ದಾಗ ನಾನು ಬಾಯಿ ಹಾಕಿದ್ದರೆ ಆ 236 ಹೊರಗೆ ಬರುತ್ತಲೇ ಇರಲಿಲ್ಲ.

ಭಾಷೆಯ ಪಾಠಕ್ಕೂ ಇದೇ ಮಾತು. ನನ್ನ ಸಹೋದ್ಯೋಗಿಯಾಗಿದ್ದ ಕನ್ನಡ ಮೇಡಂ ಹೇಳುತ್ತಿದ್ದರು: ಹಳೇ ಮೈಸೂರು ಕಡೆಯ ಮಗು ಹಸುವನ್ನು 'ಅಸು' ಎಂದು ಬರೆದರೆ ಅದು ಅಕ್ಷರ ಗೊತ್ತಿಲ್ಲದ ತಪ್ಪಲ್ಲ, ಕಿವಿಗೆ ನಿಷ್ಠವಾದ ತಪ್ಪು. 'ಕಲ್ಲು' ಎಂಬುದನ್ನು 'ಕಲು' ಎಂದು ಬರೆದರೆ ಅದು ಬೇರೆ, ಅಲ್ಲಿ ಒತ್ತಕ್ಷರ ಕೂತಿಲ್ಲ. ಮೊದಲನೆಯದಕ್ಕೆ ಮನೆಯ ಮಾತು, ಪುಸ್ತಕದ ಮಾತು ಎರಡನ್ನೂ ಅಕ್ಕಪಕ್ಕ ಇಟ್ಟು ಗೌರವದಿಂದ ತೋರಿಸಬೇಕು. ಎರಡನೆಯದಕ್ಕೆ ಕಿವಿಗೊಟ್ಟು ಓದಿಸಬೇಕು. ಕಾಪಿಯಲ್ಲಿ ಎರಡಕ್ಕೂ ಬೀಳುವುದು ಒಂದೇ ಕೆಂಪು ಸುತ್ತು.

ಈಗ ಗುಂಪಿನ ವಿಷಯ. ಇದಕ್ಕೆ ನಮ್ಮ ನೆಲದ್ದೇ ಒಂದು ಹಳೆಯ ದಾಖಲೆ ಇದೆ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಜಿಲ್ಲೆಯ ದೇಶಿ ಶಾಲೆಗಳ ಬಗ್ಗೆ ಮದರಾಸು ಸರ್ಕಾರಕ್ಕೆ ವರದಿ ಬರೆದ. ಜಿಲ್ಲೆಯಲ್ಲಿ 533 ಶಾಲೆ, ಅವುಗಳಲ್ಲಿ 235 ಕನ್ನಡದವು, ಕಲಿಯುವವರು 6,641. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವರದಿ ಪೂರ್ತಿ ಸಿಗುತ್ತದೆ, ದಯವಿಟ್ಟು ಓದಿ. ಬೆಳಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ. ಮೂರನೆಯವನಿಂದ ಬೆತ್ತದ ಲೆಕ್ಕ ಶುರು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ. ಆಮೇಲೆ ಅನ್ನದ ಗಂಜಿ, ಇದ್ದಿಲ ಪುಡಿ ಬಳಿದ ಹಲಗೆ ಅಥವಾ ಕಡತ, ಬರೆಯಲು ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ನನ್ನ ಅಜ್ಜನ ಕಾಲದವರೆಗೂ ಮಠದಲ್ಲಿ ಓದಿದವರ ಬಾಯಲ್ಲಿ ಈ ಮಾತುಗಳಿದ್ದವು.

ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಿದ್ದರು. ಕೆಳಗಿನ ಗುಂಪುಗಳನ್ನು ಹಿರಿಯ ಹುಡುಗರು ನೋಡಿಕೊಳ್ಳುತ್ತಿದ್ದರು. ಮೇಲಿನವರು ಮೇಷ್ಟರ ಬಳಿ, ಆದರೆ ಮೇಷ್ಟರ ಕಣ್ಣು ಇಡೀ ಶಾಲೆಯ ಮೇಲೆ. ಒಂದು ಗುಂಪಿನಿಂದ ಮುಂದಿನದಕ್ಕೆ ಏರುವುದು ಮಗುವಿನ ಪ್ರಗತಿಯಂತೆ. ಎಲ್ಲರೂ ಒಂದೇ ದಿನ ಪಾಸಾಗಿ ಮುಂದಿನ ತರಗತಿಗೆ ಹೋಗುವ ಪದ್ಧತಿ ಇರಲಿಲ್ಲ. ಕಲಿತವನು ಕಲಿಯುವವನಿಗೆ ಹೇಳಿಕೊಡುತ್ತ ತನ್ನ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಈ ಕ್ರಮವನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾನೆ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಎಂದಿದ್ದಾನೆ. ಅನುಕರಣೆಯ ಕಥೆ ಹೀಗೆ: ಮದರಾಸಿನ ಎಗ್ಮೋರ್ ಅನಾಥಾಲಯದ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯ ಶಿಕ್ಷಕರು ಒಪ್ಪದಿದ್ದಾಗ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಪುಟ್ಟ ಮಕ್ಕಳನ್ನು ಒಪ್ಪಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಜೋಸೆಫ್ ಲ್ಯಾಂಕಾಸ್ಟರ್ ಅಲ್ಲೇ ಇಂಥದ್ದೇ ಶಾಲೆ ಶುರು ಮಾಡಿದ. ಒಂದೇ ದೊಡ್ಡ ಹಜಾರ, ಒಬ್ಬ ಮೇಷ್ಟರು, ನೂರಾರು ಮಕ್ಕಳು.

ಹಳೆಯದನ್ನು ಹೊಗಳಿ ಕೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಅರ್ಥವಾಗದ ಪದ್ಯಗಳನ್ನು ಮಕ್ಕಳು ಗಿಳಿಪಾಠ ಮಾಡುತ್ತಿದ್ದರೆಂದೂ ಕ್ಯಾಂಬೆಲ್ ನೊಂದು ಬರೆದಿದ್ದಾನೆ. ನನಗೆ ಕಾಣುವುದು ಬೇರೆ. ಈ ಪದ್ಧತಿ ಹಡಗು ಹತ್ತಿದಾಗ ಅದರ ಬೆಲೆ ಕಟ್ಟಿದ್ದು ಅಗ್ಗ ಎಂಬ ಕಾರಣಕ್ಕೆ. ಒಬ್ಬ ಮೇಷ್ಟರ ಸಂಬಳದಲ್ಲಿ ಎಷ್ಟು ಮಕ್ಕಳು ಎಂಬ ಲೆಕ್ಕವೇ ಮೇಲಾಯಿತು. ಆ ದೇಶಿ ಶಾಲೆಯ ಇನ್ನರ್ಧ, ಅಂದರೆ ಹತ್ತು ಹನ್ನೆರಡು ಮಕ್ಕಳ ನಡುವೆ ಕೂತ ಮೇಷ್ಟರಿಗೆ ಪ್ರತಿಯೊಬ್ಬನೂ ಎಲ್ಲಿದ್ದಾನೆಂದು ತಿಳಿದಿರುವುದು, ದೊಡ್ಡ ಹಜಾರದಲ್ಲಿ ಉಳಿಯುವ ಹಾಗಿರಲಿಲ್ಲ. ಇವತ್ತೂ ಗುಂಪು ಎಂದಕೂಡಲೇ ನಾವು ಯೋಚಿಸುವುದು ಖರ್ಚಿನ ಭಾಷೆಯಲ್ಲೇ.

ಗುಂಪಿಗೆ ಅದರದ್ದೇ ಆದ ಶಕ್ತಿ ಇದೆ, ಅದು ಒಂಟಿಪಾಠದ ಬಡ ತಂಗಿಯಲ್ಲ. ಇದನ್ನು ನನಗೆ ಮನವರಿಕೆ ಮಾಡಿಕೊಟ್ಟದ್ದು ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರ ಬರಹ. 1970ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಕಲನಶಾಸ್ತ್ರದಲ್ಲಿ ಕಪ್ಪು ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಸೋಲುತ್ತಿದ್ದರು, ಚೀನೀ ಮೂಲದವರು ಗೆಲ್ಲುತ್ತಿದ್ದರು. ಕಾರಣ ಕೇಳಿದರೆ ಪ್ರಾಧ್ಯಾಪಕರೆಲ್ಲರ ಬಳಿ ಉತ್ತರ ಸಿದ್ಧವಿತ್ತು: ಆಸಕ್ತಿ ಇಲ್ಲ, ತಳಪಾಯ ಗಟ್ಟಿ ಇಲ್ಲ, ಮನೆಯಲ್ಲಿ ಬೆಂಬಲವಿಲ್ಲ. ನಮ್ಮ ಸ್ಟಾಫ್‌ರೂಮುಗಳಲ್ಲಿ ಕೇಳಿಬರುವ ಮಾತುಗಳೇ. ಟ್ರೈಸ್‌ಮನ್ ಎರಡೂ ಕಡೆಯ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳ ಬೆನ್ನು ಹತ್ತಿ, ತಿಂಗಳುಗಟ್ಟಲೆ ಅವರು ಓದುವ ಜಾಗದಲ್ಲೇ ಕೂತು ನೋಡಿದರು. ಸಿದ್ಧ ಉತ್ತರಗಳೆಲ್ಲ ಸುಳ್ಳಾದವು. ಕಪ್ಪು ವಿದ್ಯಾರ್ಥಿಗಳು ಶಿಸ್ತಿನಿಂದ ಓದುತ್ತಿದ್ದರು, ಆದರೆ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ. ಚೀನೀ ವಿದ್ಯಾರ್ಥಿಗಳು ಮೊದಲು ಒಬ್ಬೊಬ್ಬರೇ ಮಾಡಿ, ಸಂಜೆ ಸೇರಿ ಉತ್ತರ ಹೋಲಿಸುತ್ತಿದ್ದರು, ಒಬ್ಬರನ್ನೊಬ್ಬರು ತಿದ್ದುತ್ತಿದ್ದರು. ಯಾರಿಗೂ ಬಾರದ ಲೆಕ್ಕ ಎದುರಾದರೆ ಅದು ನಿಜವಾಗಿಯೂ ಕಷ್ಟದ್ದು ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಂಟಿ ಹುಡುಗನಿಗೆ ಅದೇ ಲೆಕ್ಕ ತಾನು ದಡ್ಡ ಎಂಬುದಕ್ಕೆ ಸಾಕ್ಷಿಯಾಗುತ್ತಿತ್ತು.

ಆಮೇಲೆ ಟ್ರೈಸ್‌ಮನ್ ಮಾಡಿದ್ದು ಇನ್ನೂ ದೊಡ್ಡದು. ಹಿಂದುಳಿದವರಿಗೆ ಸುಲಭ ಲೆಕ್ಕ ಕೊಡುವ ಪರಿಹಾರ ಬೋಧನೆಯನ್ನು ಕೈಬಿಟ್ಟರು. ಮೇಲಿನ ದರ್ಜೆಯ, ಕಷ್ಟದ ಲೆಕ್ಕಗಳನ್ನೇ ಆರಿಸಿ, ಗುಂಪಿನಲ್ಲಿ ಕೂರಿಸಿ ಬಿಡಿಸಲು ಕೊಟ್ಟರು. ನೀವು ಹಿಂದುಳಿದವರು ಎಂದು ಕರೆಯಲಿಲ್ಲ, ನಿಮ್ಮಿಂದ ಇದು ಆಗುತ್ತದೆ ಎಂದು ಕರೆದರು. ಸೋಲುತ್ತಿದ್ದವರ ಫಲಿತಾಂಶ ಕಣ್ಣಿಗೆ ಕಾಣುವಷ್ಟು ಬದಲಾಯಿತು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ 'ಪಾಸಿಂಗ್ ಪ್ಯಾಕೇಜ್' ಎಂದು ನಾಲ್ಕು ಅಧ್ಯಾಯಗಳ ಖಚಿತ ಪ್ರಶ್ನೆಗಳನ್ನು ಕಟ್ಟಿಕೊಡುತ್ತೇವೆ. ಅದರಿಂದ ಪಾಸಾಗುವಷ್ಟು ಅಂಕ ಬರಬಹುದು, ಬೇಡ ಎನ್ನುವ ಧೈರ್ಯ ನನಗಿಲ್ಲ. ಆದರೆ ಆ ಮಗುವಿನ ಮುಂದೆ ಒಂದೇ ಒಂದು ಒಳ್ಳೆಯ, ಜಗಿಯಬೇಕಾದ ಲೆಕ್ಕ ಇಡದೆ ಶಾಲೆಯಿಂದ ಕಳಿಸುವುದು ಅನ್ಯಾಯ.

ನಾನು ಗುಂಪು ಮಾಡಿದ ಬಗೆಯನ್ನು ಹೇಳುತ್ತೇನೆ, ನಿಮಗೆ ಒಗ್ಗಿದಷ್ಟು ತೆಗೆದುಕೊಳ್ಳಿ. ಮೂವರು ಅಥವಾ ನಾಲ್ವರು. ಐದನೆಯವನು ಬಂದಕೂಡಲೇ ಒಬ್ಬ ಕಿಟಕಿಯಿಂದಾಚೆ ನೋಡುತ್ತಾನೆ. ಮೊದಲ ಐದು ನಿಮಿಷ ಯಾರೂ ಮಾತಾಡಬಾರದು, ತಮ್ಮ ತಮ್ಮ ಪುಸ್ತಕದಲ್ಲಿ ತೋಚಿದ್ದು ಬರೆಯಬೇಕು. ಬರಿಗೈಯಲ್ಲಿ ಗುಂಪಿಗೆ ಬಂದ ಮಗು ಕೇಳಿಸಿಕೊಂಡು ಹೋಗುತ್ತದೆ ಅಷ್ಟೆ. ಆಮೇಲೆ ನಾಲ್ವರಿಗೆ ಒಂದೇ ಹಾಳೆ, ಒಂದೇ ಪೆನ್ಸಿಲ್. ಹೇಳುವವರು ಬರೆಯುವಂತಿಲ್ಲ, ಬರೆಯುವವರು ತಮಗೆ ತೋಚಿದ್ದನ್ನು ಬರೆಯುವಂತಿಲ್ಲ, ಹೇಳಿದ್ದನ್ನೇ ಬರೆಯಬೇಕು. ಈ ಸಣ್ಣ ಕಟ್ಟಳೆಯಿಂದ ಜಾಣ ಹುಡುಗನ ಕೈ ಕಟ್ಟಿತು, ಬಾಯಿ ತೆರೆಯಿತು. 'ಅದನ್ನ ಅಲ್ಲಿ ಹಾಕು' ಅಂದರೆ ನಡೆಯುವುದಿಲ್ಲ. ಯಾವುದನ್ನು, ಎಲ್ಲಿ, ಯಾಕೆ ಎಂದು ಹೇಳಲೇಬೇಕು. ಹೇಳಲು ಹೊರಟಾಗ ಅವನಿಗೇ ಗೊತ್ತಿಲ್ಲದ್ದು ಅವನಿಗೆ ಗೊತ್ತಾಗುತ್ತಿತ್ತು. ಕೊನೆಗೆ ಗುಂಪಿನಲ್ಲಿ ಯಾರನ್ನಾದರೂ ಎಬ್ಬಿಸಿ ಕೇಳುತ್ತೇನೆ ಎಂದು ಮೊದಲೇ ಹೇಳಿರುತ್ತಿದ್ದೆ. ಮೆತ್ತಗಿನ ಹುಡುಗಿ ಎದ್ದು ಹೇಳಬೇಕಾದೀತು ಎಂದು ಉಳಿದ ಮೂವರೂ ಅವಳಿಗೆ ಹೇಳಿಕೊಡುತ್ತಿದ್ದರು.

ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಒಂದೇ ಮಗುವನ್ನು ವರ್ಷಪೂರ್ತಿ ಗುಂಪಿನ ನಾಯಕ ಮಾಡಬೇಡಿ. ಇನ್ನೊಂದು ಮಗುವನ್ನು ವರ್ಷಪೂರ್ತಿ ಕೇಳುವವನಾಗಿ ಉಳಿಸಬೇಡಿ. ನಾನು ಉಳಿಸಿದ್ದೇನೆ, ಅದರ ಫಲ ನೋಡಿದ್ದೇನೆ.

ಕಾರ್ಡುಗಳ ಮೂಲಕ ಕಲಿಸುವ, ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಇದೆಲ್ಲ ಹೆಣೆದುಕೊಂಡೇ ಬಂದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದು ಶುರುವಾಯಿತು. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸಾಮಾನ್ಯ ಶಿಕ್ಷಕರೇ ಕಾರ್ಡುಗಳನ್ನು ಬರೆದರು. ಗುಂಪಿಗೆ ಒಂದರಂತೆ ಇಡುವ ಐದು ತಟ್ಟೆಗಳನ್ನು ನೆನಪಿಸಿಕೊಳ್ಳಿ: ಶಿಕ್ಷಕರ ಪೂರ್ಣ ಬೆಂಬಲ, ಭಾಗಶಃ ಬೆಂಬಲ, ಸಹಪಾಠಿಗಳ ಪೂರ್ಣ ಬೆಂಬಲ, ಅವರ ಭಾಗಶಃ ಬೆಂಬಲ, ಕೊನೆಯದು ಸ್ವಕಲಿಕೆ. ಮಗು ತನ್ನ ಮೈಲಿಗಲ್ಲಿಗೆ ತಕ್ಕಂತೆ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಸೈಕಲ್ಲಿನ ಸೀಟು ಬಿಡುವ ಕ್ರಮವನ್ನು ನೆಲದ ಮೇಲೆ ಐದು ವೃತ್ತಗಳಾಗಿ ಇಟ್ಟ ಹಾಗಿದೆ. ಹಲವು ಶಾಲೆಗಳಲ್ಲಿ ಅದು ಕಾರ್ಡು ಜೋಡಿಸುವ, ಪ್ರಗತಿ ನೋಟ ತುಂಬುವ ಶ್ರಮವಾಗಿ ಉಳಿದದ್ದನ್ನೂ ಕಂಡಿದ್ದೇನೆ. ಒಂದನೇ ತಟ್ಟೆಯಲ್ಲಿ ಶಿಕ್ಷಕಿ ನಿಜವಾಗಿ ಕೂತಿದ್ದ ಶಾಲೆಗಳಲ್ಲಿ ಉಳಿದ ನಾಲ್ಕೂ ನಡೆಯುತ್ತಿದ್ದವು.

ಹೀಗೆ ಕಲಿಸುವುದಕ್ಕೆ ದೊಡ್ಡ ಪದವಿಯೂ ಬೇಕಿಲ್ಲ. ವಡೋದರ ಮತ್ತು ಮುಂಬೈಯಲ್ಲಿ ಪ್ರಥಮ್ ಸಂಸ್ಥೆಯು ಬಾಲಸಖಿಯರೆಂಬ ಸ್ಥಳೀಯ ಯುವತಿಯರನ್ನು ಶಾಲೆಗೆ ಕಳಿಸಿತು. ಹಿಂದೆ ಬಿದ್ದ ಹದಿನೈದು ಇಪ್ಪತ್ತು ಮಕ್ಕಳು, ದಿನಕ್ಕೆ ಎರಡು ಗಂಟೆ, ಅವರು ನಿಂತ ಮಟ್ಟದಿಂದಲೇ ಪಾಠ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಳೆದು 2007ರಲ್ಲಿ ಪ್ರಕಟಿಸಿದಂತೆ ಎರಡನೇ ವರ್ಷದ ಹೊತ್ತಿಗೆ 0.28 ಮಾನಕ ವಿಚಲನೆಯಷ್ಟು ಮುನ್ನಡೆ. ಆ ಯುವತಿಯರು ತರಬೇತಾದ ಶಿಕ್ಷಕರಲ್ಲ. ಮಗು ಎಲ್ಲಿದೆಯೋ ಅಲ್ಲಿಗೆ ಹೋದರು, ಅಷ್ಟೆ.

ಟ್ಯೂಷನ್ ಬಗ್ಗೆ ಎರಡೇ ಮಾತು. 2022ರ ಅಸರ್ ಎಂಬ ಶಿಕ್ಷಣ ಸಮೀಕ್ಷೆಯಂತೆ ದೇಶದ ಹಳ್ಳಿಗಳಲ್ಲಿ ಒಂದರಿಂದ ಎಂಟನೇ ತರಗತಿಯ ನೂರಕ್ಕೆ 30ರಷ್ಟು ಮಕ್ಕಳು ಹಣ ಕೊಟ್ಟು ಟ್ಯೂಷನ್ನಿಗೆ ಹೋಗುತ್ತಿದ್ದರು, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ 70ಕ್ಕೂ ಹೆಚ್ಚು. ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ನಿಷೇಧಿಸಿದೆ. ತಂದೆತಾಯಂದಿರಿಗೆ ನಾನು ಹೇಳುವುದಿಷ್ಟು: ಅರವತ್ತು ಮಕ್ಕಳನ್ನು ಒಂದೇ ಹಜಾರದಲ್ಲಿ ಕೂರಿಸಿದ ಟ್ಯೂಷನ್ ಇನ್ನೊಂದು ತರಗತಿ. ಸೇರಿಸುವ ಮೊದಲು ಫೀಸು ಕೇಳಿದ ಹಾಗೆ, 'ನಮ್ಮ ಮಗುವಿಗೆ ಎಲ್ಲಿ ತೊಡಕಿದೆ ಎಂದು ಹೇಗೆ ನೋಡುತ್ತೀರಿ' ಎಂದೂ ಕೇಳಿ.

ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಪಕ್ಕ ಕೂರುವುದು ಎಲ್ಲಿ ಸಾಧ್ಯ ಎಂದು ನೀವು ಕೇಳುತ್ತೀರಿ, ಕೇಳಬೇಕು. ನಾನು ಮಾಡಿದ ಲೆಕ್ಕ ಇದು. ಉಳಿದವರು ಗುಂಪಿನಲ್ಲಿದ್ದಾಗ ದಿನಕ್ಕೆ ಮೂವರು, ಒಬ್ಬರಿಗೆ ಐದು ನಿಮಿಷ. ಹದಿನೈದು ನಿಮಿಷ. ಹದಿನಾಲ್ಕು ಶಾಲಾ ದಿನಗಳಲ್ಲಿ ಇಡೀ ತರಗತಿಯ ಒಂದು ಸುತ್ತು. ವರ್ಷಕ್ಕೆ ಹತ್ತು ಸುತ್ತು ಆಗಲಿಲ್ಲ, ಪರೀಕ್ಷೆ, ಜನಗಣತಿ, ಚುನಾವಣೆ ಕೆಲಸ ಎಲ್ಲ ಇದ್ದವು. ಆರು ಸುತ್ತು ಆಗುತ್ತಿತ್ತು. ಆರು ಸಲ ಒಬ್ಬ ದೊಡ್ಡವರು ಪಕ್ಕದಲ್ಲಿ ಕೂತು, ಬೈಯದೆ, 'ಹೇಗೆ ಮಾಡಿದೆ, ಹೇಳು' ಎಂದು ಕೇಳಿ, ಕಾದಿರುವುದು ಅನೇಕ ಮಕ್ಕಳಿಗೆ ಇಡೀ ಬಾಲ್ಯದಲ್ಲೇ ಸಿಕ್ಕಿರುವುದಿಲ್ಲ. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರ ಆಗಸ್ಟಿನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಯೋಜನೆ ಬಂದಾಗ, ಶಿಕ್ಷಕಿಯಾದ ನನ್ನ ತಂಗಿಯ ಮಗಳು ಊರ ದೇವಸ್ಥಾನದ ಜಗಲಿಯ ಮೇಲೆ ಚಿಕ್ಕ ಗುಂಪುಗಳಿಗೆ ಪಾಠ ಮಾಡಿದಳು. ಸೋಂಕಿನ ಭಯದಲ್ಲಿ ಅಕ್ಟೋಬರಿನಲ್ಲಿ ಅದು ನಿಂತಿತು. ನಿಂತ ದಿನ ಫೋನು ಮಾಡಿ ಅವಳು ಹೇಳಿದ್ದು: 'ಮಾವ, ನಾಲ್ಕು ವರ್ಷದ ಸರ್ವೀಸಲ್ಲಿ ಇದೇ ಮೊದಲ ಸಲ ನನ್ನ ಮಕ್ಕಳ ದನಿ ನನಗೆ ಬೇರೆ ಬೇರೆಯಾಗಿ ಕೇಳಿಸ್ತಿತ್ತು.'

ಆ ಐದು ನಿಮಿಷಗಳಲ್ಲಿ ಕೇಳಿದ್ದನ್ನು ನಾನು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡೆ. ತಾರೀಕು, ಲೆಕ್ಕ, ಮಗುವಿನ ಉತ್ತರ, ಮಗು ಹೇಳಿದ ಮಾತು ಅದರದ್ದೇ ಮಾತಿನಲ್ಲಿ. ಒಟ್ಟು ಹನ್ನೊಂದು ಪುಸ್ತಕ. ಹೆಸರುಗಳನ್ನೆಲ್ಲ ಹೊಡೆದುಹಾಕಿ ಇವತ್ತು ಈ ಬಿ.ಇಡಿ. ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಪ್ರಶಿಕ್ಷಣಾರ್ಥಿಗಳು ತೆಗೆದು ನೋಡಬೇಕು, ತಮ್ಮದೂ ಸೇರಿಸಬೇಕು. ದತ್ತಿಯ ಹಿರಿಯರಲ್ಲಿ ಒಂದು ಕೋರಿಕೆ: ಮುಂದಿನ ವರ್ಷ ಹಾರ, ಶಾಲು, ಹಣ್ಣಿನ ಬುಟ್ಟಿಯ ಖರ್ಚಿನಲ್ಲಿ ಇಲ್ಲಿನ ಪ್ರತಿ ಪ್ರಶಿಕ್ಷಣಾರ್ಥಿಗೂ ಇಂಥ ಒಂದು ಖಾಲಿ ಪುಸ್ತಕ ಕೊಡಿಸಿ.

ಹನ್ನೊಂದನೆಯ ಪುಸ್ತಕದ ಕೊನೆಯ ಪುಟದಲ್ಲಿ ನಾನು ಬಿಡಿಸಲಾರದೆ ಬಿಟ್ಟದ್ದೊಂದಿದೆ. ಒಬ್ಬ ಹುಡುಗ, ಆರರ ಮಗ್ಗಿಯಲ್ಲಿ ಎಲ್ಲ ಭಾಗಾಕಾರ ಸರಿ. 42ನ್ನು 6ರಿಂದ ಭಾಗಿಸಿದರೆ ಮಾತ್ರ ಪ್ರತಿ ಸಲ 8. ನಲವತ್ತೆಂಟಕ್ಕೂ 8. 'ಎರಡಕ್ಕೂ ಎಂಟೇನಪ್ಪ?' ಅಂದರೆ 'ಹೌದು ಸಾರ್, ಎರಡಕ್ಕೂ' ಅಂದ. ನನ್ನ ಊಹೆ: ಆರೇಳ್ಲಿ ನಲವತ್ತೆರಡು, ಆರೆಂಟ್ಲಿ ನಲವತ್ತೆಂಟು ಎಂದು ರಾಗವಾಗಿ ಹೇಳುವಾಗ 'ನಲವತ್ತೆ' ಎನ್ನುವವರೆಗೆ ಎರಡೂ ಒಂದೇ ದನಿ, ಅವನ ಕಿವಿಯಲ್ಲಿ ಅವು ಬೆರೆತುಹೋಗಿವೆ. ಆದರೆ ಅದು ನನ್ನ ಮಾತು, ಅವನದಲ್ಲ. ಮರುದಿನ ಕೇಳೋಣವೆಂದಿದ್ದೆ. ಅವನ ತಂದೆ ಇಟ್ಟಿಗೆ ಗೂಡಿನ ಕೆಲಸಕ್ಕೆ ಬೇರೆ ಊರಿಗೆ ಹೊರಟಿದ್ದರು, ಬೆಳಗ್ಗೆಯೇ ಟಿ.ಸಿ. ತೆಗೆದುಕೊಂಡು ಹೋಗಿದ್ದರು. ಆ ಸಾಲಿನ ಪಕ್ಕದ ಜಾಗ ಖಾಲಿ ಇದೆ.